ನೆರಳು ಹೇಳುವ ಹೊತ್ತು

ಜಯಪುರದ ಜಂತರ್ ಮಂತರಿಗೆ ಬರುವ ಪ್ರವಾಸಿಗರು ಸಮ್ರಾಟ್ ಯಂತ್ರದ ಬುಡದಲ್ಲಿ ನಿಂತು ಮೊದಲು ಮಾಡುವ ಕೆಲಸ ಒಂದೇ. ಅಮೃತಶಿಲೆಯ ಅಂಚಿನ ಮೇಲೆ ಬಿದ್ದ ನೆರಳನ್ನು ನೋಡುತ್ತಾರೆ. ಒಡನೆಯೇ ಕೈಗಡಿಯಾರವನ್ನೋ ಜೇಬಿನ ಫೋನನ್ನೋ ನೋಡುತ್ತಾರೆ. ಎರಡಕ್ಕೂ ತಾಳೆ ಬೀಳುವುದಿಲ್ಲ. ಕೆಲವು ತಿಂಗಳಲ್ಲಿ ಹತ್ತು ನಿಮಿಷ, ಕೆಲವು ತಿಂಗಳಲ್ಲಿ ನಲವತ್ತು ನಿಮಿಷ, ಅಂತೂ ಕಲ್ಲಿನ ಯಂತ್ರ ಸದಾ ಹಿಂದೆಯೇ. ‘ಪಾಪ, ಮುದಿಯಾಯಿತು, ಇನ್ನೇನು ಮಾಡೀತು!’ ಎಂದು ಯಜಮಾನರು ನಗುತ್ತಾರೆ. ಮನೆಯಾಕೆ ಮಕ್ಕಳನ್ನು ನೆರಳಿಗೆ ಕರೆಯುತ್ತಾಳೆ. ಭಾವಚಿತ್ರ ತೆಗೆದುಕೊಂಡು ಎಲ್ಲರೂ ಮುಂದಿನ ಯಂತ್ರದ ಕಡೆಗೆ ನಡೆಯುತ್ತಾರೆ.

ಆದರೆ ಆ ಮುದಿ ಯಂತ್ರ ತಪ್ಪು ಹೇಳಿಲ್ಲ. ಸುಮಾರು ಮುನ್ನೂರು ವರ್ಷಗಳಿಂದ ಅದು ಹೇಳುತ್ತಿರುವುದು ಒಂದೇ ಮಾತು, ಮತ್ತು ಆ ಮಾತು ಇಂದಿಗೂ ನಿಜ. ಹಾಗಾದರೆ ಕೈಗಡಿಯಾರ ಸುಳ್ಳೇ? ಅದೂ ಸುಳ್ಳಲ್ಲ. ಎರಡೂ ಸತ್ಯ ಹೇಳಿ ಎರಡೂ ಬೇರೆ ಬೇರೆ ಹೇಳುವುದು ಹೇಗೆ ಎಂಬುದೇ ಇಲ್ಲಿನ ಸ್ವಾರಸ್ಯ. ಅದನ್ನು ಬಿಡಿಸುವ ಮೊದಲು ಯಂತ್ರವನ್ನೇ ತುಸು ನಿಧಾನವಾಗಿ ನೋಡಬೇಕು.

ಬೃಹತ್ ಸಮ್ರಾಟ್ ಯಂತ್ರವು ಜಗತ್ತಿನ ಅತ್ಯಂತ ದೊಡ್ಡ ಕಲ್ಲಿನ ನೆರಳುಗಡಿಯಾರ. ಎತ್ತರ ಸುಮಾರು 90 ಅಡಿ. ದೂರದಿಂದ ನೋಡಿದರೆ ಆಕಾಶಕ್ಕೆ ಹತ್ತುವ ಮೆಟ್ಟಲಸಾಲಿನಂತೆ ತೋರುವ ಒಂದು ಮುಕ್ಕೋನದ ಗೋಡೆ. ಅದರ ಎರಡು ಪಕ್ಕಗಳಲ್ಲಿ ರೆಕ್ಕೆಗಳಂತೆ ಬಾಗಿ ನಿಂತ ಕಾಲುವೃತ್ತದ ಎರಡು ಕಟ್ಟಡಗಳು. ಗೋಡೆಯ ಓರೆ ಅಂಚು ನೆಲಕ್ಕೆ ಸುಮಾರು 27 ಅಂಶದ ಕೋನದಲ್ಲಿ ಏರುತ್ತದೆ. ಜಯಪುರದ ಅಕ್ಷಾಂಶವೂ ಅಷ್ಟೇ. ಆದುದರಿಂದ ಆ ಅಂಚು ನೇರವಾಗಿ ಧ್ರುವದ ಕಡೆಗೆ ಬೆರಳು ತೋರಿದಂತಿದೆ. ಅಂದರೆ ಭೂಮಿ ಯಾವ ಅಚ್ಚಿನ ಸುತ್ತ ತಿರುಗುತ್ತಿದೆಯೋ ಆ ಅಚ್ಚಿಗೆ ಅದು ಸಮಾನಾಂತರವಾಗಿದೆ.

ಈ ಓರೆಯಲ್ಲಿಯೇ ಯಂತ್ರದ ಜೀವವೆಲ್ಲ ಅಡಗಿದೆ. ನೆಲದಲ್ಲಿ ನೆಟ್ಟಗೆ ಒಂದು ಕೋಲನ್ನು ನಿಲ್ಲಿಸಿದರೆ ಅದರ ನೆರಳು ಒಂದು ಗಂಟೆ ಬೇಗ ತಿರುಗುತ್ತದೆ, ಇನ್ನೊಂದು ಗಂಟೆ ತಡವಾಗಿ ತಿರುಗುತ್ತದೆ; ಚಳಿಗಾಲದ ಲೆಕ್ಕ ಬೇಸಗೆಗೆ ಸಲ್ಲದು. ಆದರೆ ಭೂಮಿಯ ಅಚ್ಚಿಗೆ ಸರಿಯಾಗಿ ಓರೆಯಾದ ಅಂಚಿನ ಸುತ್ತ ಸೂರ್ಯನು ವರ್ಷವಿಡೀ ಗಂಟೆಗೆ 15 ಅಂಶದಂತೆ ಸಮನಾಗಿ ಸುತ್ತುವಂತೆ ತೋರುತ್ತಾನೆ. ಬೆಳಿಗ್ಗೆ ಗೋಡೆಯ ನೆರಳು ಪಶ್ಚಿಮದ ರೆಕ್ಕೆಯ ತುದಿಯಿಂದ ಇಳಿಯಲು ತೊಡಗುತ್ತದೆ. ನಡುಹಗಲಿಗೆ ಬುಡ ಸೇರುತ್ತದೆ. ಬಳಿಕ ಪೂರ್ವದ ರೆಕ್ಕೆಯನ್ನು ಮೆಲ್ಲಗೆ ಏರುತ್ತದೆ. ರೆಕ್ಕೆಯ ತ್ರಿಜ್ಯ ಸುಮಾರು 50 ಅಡಿಯಾದುದರಿಂದ ನೆರಳು ಗಂಟೆಗೆ 13 ಅಡಿಯಷ್ಟು ನಡೆಯುತ್ತದೆ. ನಿಮಿಷಕ್ಕೆ ಹೆಚ್ಚುಕಡಿಮೆ ನಾಲ್ಕು ಬೆರಳಗಲ. ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ಚೂರು ಹೆಚ್ಚು. ಮನೆಯ ಗಡಿಯಾರದಲ್ಲಿ ಗಂಟೆಯ ಮುಳ್ಳು ಚಲಿಸುವುದನ್ನು ಯಾರೂ ಕಂಡಿಲ್ಲ. ಜಯಪುರದಲ್ಲಿ ಮಗುವೊಂದು ನೆರಳಿನ ಅಂಚಿಗೆ ಕೈಯಿಟ್ಟು ಕುಳಿತರೆ ಒಂದು ನಿಮಿಷದಲ್ಲಿ ನೆರಳು ಅದರ ಕೈಯನ್ನು ದಾಟಿ ಹೋಗುತ್ತದೆ. ಭೂಮಿ ತಿರುಗುತ್ತಿದೆ ಎಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉಪಾಧ್ಯಾಯರು ಸಿಕ್ಕುವುದು ಕಷ್ಟ.

ಇದನ್ನು ಕಟ್ಟಿಸಿದವನು ಸವಾಯಿ ಜಯಸಿಂಹ. 1688ರಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿಗೇ ಆಮೇರಿನ ಗದ್ದುಗೆಯೇರಿ, 1727ರಲ್ಲಿ ಜಯಪುರ ನಗರಕ್ಕೆ ಅಡಿಗಲ್ಲು ಹಾಕಿದ ಅರಸು. ಮೊಗಲರ ಆಳ್ವಿಕೆ ಸಡಿಲವಾಗುತ್ತಿದ್ದ, ಕತ್ತಿಗೆ ಬಿಡುವಿಲ್ಲದ ಕಾಲವದು. ಅಂತಹ ಕಾಲದಲ್ಲಿ ಅವನನ್ನು ಕಾಡಿದ ಚಿಂತೆ ವಿಚಿತ್ರವಾದುದು. ಸಂಸ್ಕೃತದ ಸಿದ್ಧಾಂತಗಳು, ಅರಬ್ಬೀ-ಪಾರಸೀ ಭಾಷೆಗಳ ಕೋಷ್ಟಕಗಳು, ಯೂರೋಪಿನ ಗ್ರಂಥಗಳು ಇವುಗಳಲ್ಲಿ ಯಾವುದನ್ನು ಹಿಡಿದು ಲೆಕ್ಕ ಹಾಕಿದರೂ ಗ್ರಹಗಳು ಲೆಕ್ಕ ಹೇಳಿದ ಜಾಗದಲ್ಲಿ ಇರುತ್ತಿರಲಿಲ್ಲ. ಗ್ರಹಣ, ಅಮಾವಾಸ್ಯೆ, ಹಬ್ಬ, ವ್ರತ, ಅರಮನೆಯ ಕಾರ್ಯಗಳು ಎಲ್ಲವೂ ಆ ಲೆಕ್ಕವನ್ನೇ ನಂಬಿದ್ದವು. ಪುಸ್ತಕಕ್ಕೂ ಆಕಾಶಕ್ಕೂ ಜಗಳ ಬಂದಾಗ ಯಾರ ಮಾತು ನಡೆಯಬೇಕು? ಆಕಾಶದ್ದೇ ನಡೆಯಬೇಕೆಂದು ಜಯಸಿಂಹ ತೀರ್ಮಾನಿಸಿದ. ಬಾದಷಹ ಮಹಮ್ಮದ್ ಷಹನ ಒಪ್ಪಿಗೆ ಪಡೆದು ದೆಹಲಿ, ಜಯಪುರ, ಉಜ್ಜಯಿನಿ, ಮಥುರೆ, ಕಾಶಿಗಳಲ್ಲಿ ಐದು ವೇಧಶಾಲೆಗಳನ್ನು ನಿರ್ಮಿಸಿದ. ಮಥುರೆಯದು ಇಂದು ಹೆಸರಿಗೂ ಉಳಿದಿಲ್ಲ. ಉಳಿದ ನಾಲ್ಕರಲ್ಲಿ ಜಯಪುರದ್ದೇ ದೊಡ್ಡದು. ಅಲ್ಲಿ ಸುಮಾರು 20 ಮುಖ್ಯ ಯಂತ್ರಗಳಿವೆ. 2010ರಲ್ಲಿ ಅದು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ಮೊದಲು ಅವನು ಮಾಡಿಸಿದ್ದು ಹಿತ್ತಾಳೆಯ ಯಂತ್ರಗಳನ್ನು. ಅವು ಅವನಿಗೆ ತೃಪ್ತಿ ಕೊಡಲಿಲ್ಲ. ಗಾತ್ರ ಚಿಕ್ಕದಾದ್ದರಿಂದ ಸೂಕ್ಷ್ಮ ಗುರುತುಗಳಿಗೆ ಎಡೆಯಿಲ್ಲ, ಅಚ್ಚು ಸವೆಯುತ್ತದೆ, ಕೇಂದ್ರ ಸರಿಯುತ್ತದೆ, ಯಂತ್ರ ಅಲುಗುತ್ತದೆ. ಆದುದರಿಂದ ಕಲ್ಲು ಗಾರೆಗಳಲ್ಲಿ, ಅಲುಗದಂತೆ, ಬೃಹತ್ತಾಗಿ ಕಟ್ಟಿಸಬೇಕಾಯಿತೆಂದು ತನ್ನ ‘ಜೀಜ್-ಎ-ಮಹಮ್ಮದ್ ಷಾಹಿ’ ಎಂಬ ಪಾರಸೀ ಗ್ರಂಥದ ಮುನ್ನುಡಿಯಲ್ಲಿ ಕಾರಣ ಕೊಟ್ಟಿದ್ದಾನೆ. ಅವನ ಆಸ್ಥಾನದ ಜಗನ್ನಾಥ ಪಂಡಿತನು ಯೂಕ್ಲಿಡ್ಡನ ಜ್ಯಾಮಿತಿಯನ್ನೂ ಟಾಲೆಮಿಯ ಜ್ಯೋತಿಶ್ಶಾಸ್ತ್ರವನ್ನೂ ಅರಬ್ಬಿಯಿಂದ ಸಂಸ್ಕೃತಕ್ಕೆ ತಂದ. 1727ರಲ್ಲಿ ಅರಸನು ಒಬ್ಬ ಕ್ರೈಸ್ತ ಪಾದ್ರಿಯ ಜೊತೆಗೆ ತನ್ನ ಕಡೆಯವರನ್ನು ಪೋರ್ತುಗಲ್ಲಿನವರೆಗೂ ಕಳುಹಿಸಿದ. ಅವರು ತಂದ ಫ್ರೆಂಚ್ ಪಂಡಿತ ಲಾ ಹೀರನ ಕೋಷ್ಟಕಗಳನ್ನು ಆಕಾಶಕ್ಕೆ ಹಿಡಿದು ನೋಡಿದಾಗ ಚಂದ್ರನ ಸ್ಥಾನದಲ್ಲಿ ಅರ್ಧ ಅಂಶದ ತಪ್ಪು ಕಂಡಿತು. ದೂರದಿಂದ ಬಂದದ್ದೆಂದು ಅವನು ಅದಕ್ಕೆ ತಲೆಬಾಗಲಿಲ್ಲ. ಪರದೇಶದ್ದೆಂದು ತಳ್ಳಲೂ ಇಲ್ಲ. ಪರೀಕ್ಷೆಗೆ ಎಲ್ಲರೂ ಸಮಾನರು.

ಹಾಗೆಂದು ಅವನ ಯಂತ್ರವೇ ಕೊನೆಯ ಮಾತಾಯಿತೆಂದು ಬೀಗುವಂತಿಲ್ಲ. ಸಮ್ರಾಟ್ ಯಂತ್ರದ ಗುರುತುಗಳು ಎರಡು ಸೆಕೆಂಡುಗಳವರೆಗೆ ಸೀಳಿಕೊಂಡಿವೆ. ಆದರೆ ಸೂರ್ಯನು ಒಂದು ಚುಕ್ಕೆಯಲ್ಲ, ಅರ್ಧ ಅಂಶ ಅಗಲದ ಬಿಂಬ. ತನ್ನ ಅಗಲವನ್ನು ತಾನೇ ದಾಟಲು ಅವನಿಗೆ ಎರಡು ನಿಮಿಷ ಬೇಕು. ಆದುದರಿಂದ ನೆರಳಿನ ಅಂಚು ಚಾಕುವಿನಂತೆ ಹರಿತವಾಗಿರದೆ ಗೇಣಿಗಿಂತ ತುಸು ಕಡಿಮೆ ಅಗಲದ ಮಸುಕಾಗಿರುತ್ತದೆ. ನುರಿತವರು ಬಿಗಿಯಾದ ದಾರವನ್ನೋ ತೆಳು ಕಡ್ಡಿಯನ್ನೋ ಮಾಪಕದ ಸಮೀಪ ಹಿಡಿದು, ಅದರ ನೆರಳು ಆ ಮಸುಕಿನಲ್ಲಿ ಎಲ್ಲಿ ಕರಗುತ್ತದೆಂದು ನೋಡಿ ಸರಿಯಾದ ಅಂಚನ್ನು ಹಿಡಿಯುತ್ತಾರೆ. ಯಂತ್ರ ದೊಡ್ಡದಾದಷ್ಟೂ ಮಸುಕೂ ದೊಡ್ಡದಾಗುತ್ತದೆ. ಇದು ಕಲ್ಲು ಮೀರಲಾರದ ಎಲ್ಲೆ. ಅತ್ತ ಯೂರೋಪಿನಲ್ಲಿ ದೂರದರ್ಶಕ ಬಂದು ಆಗಲೇ ನೂರು ವರ್ಷ ಕಳೆದಿತ್ತು. 1656ರಿಂದ ಲೋಲಕದ ಗಡಿಯಾರವೂ ಇತ್ತು. ಜಯಸಿಂಹನಿಗೆ ದೂರದರ್ಶಕದ ಪರಿಚಯವಿತ್ತು, ಆದರೂ ಅವನ ವೇಧಶಾಲೆಯ ಬೆನ್ನೆಲುಬಾದುದು ಬರಿಗಣ್ಣು. 1743ರಲ್ಲಿ ಅವನು ತೀರಿಕೊಂಡ ಮೇಲೆ ಆ ಕೆಲಸವನ್ನು ಅದೇ ಹುರುಪಿನಿಂದ ಮುಂದುವರಿಸುವವರು ಬರಲಿಲ್ಲ. ಸಮ್ರಾಟ್ ಯಂತ್ರ ಒಂದು ಯುಗದ ಶಿಖರವೂ ಹೌದು, ಕೊನೆಯೂ ಹೌದು.

ಅಷ್ಟು ದೊಡ್ಡ ಯಂತ್ರ ಹೇಳುವ ಮಾತನ್ನು ಕನ್ನಡದ ಮನೆಗಳು ಒಂದು ಚಿಕ್ಕ ಶಬ್ದದಲ್ಲಿ ಹೇಳಿಬಿಟ್ಟಿವೆ. ‘ಹೊತ್ತು’ ಎಂದರೆ ಕಾಲ. ‘ಹೊತ್ತು’ ಎಂದರೆ ಸೂರ್ಯ. ಹಳಗನ್ನಡದ ‘ಪೊೞ್ತು’ವಿನಿಂದಲೂ ಈ ಎರಡು ಅರ್ಥಗಳು ಕೂಡಿಯೇ ಬಂದಿವೆ. ಹೊತ್ತು ಹುಟ್ಟುತ್ತದೆ, ಹೊತ್ತು ಮಾರುದ್ದ ಏರುತ್ತದೆ, ಹೊತ್ತು ನೆತ್ತಿಗೆ ಬರುತ್ತದೆ, ಹೊತ್ತು ಇಳಿಯುತ್ತದೆ, ಹೊತ್ತು ಮುಳುಗುತ್ತದೆ. ಶಾಲೆಗೆ ಹೊತ್ತಾಯಿತು ಎಂದು ಮಗನನ್ನು ಎಬ್ಬಿಸುವ ತಾಯಿ ತನಗರಿಯದೆ ಸೂರ್ಯನನ್ನೇ ಸಾಕ್ಷಿಗೆ ಕರೆಯುತ್ತಾಳೆ. ತೊಟ್ಟಿಯ ಮನೆಗಳಿದ್ದ ಕಾಲದಲ್ಲಿ ಸಾಕ್ಷಿ ಮನೆಯೊಳಕ್ಕೇ ಬರುತ್ತಿತ್ತು. ಬಿಸಿಲು ಪಡಸಾಲೆಯ ಯಾವ ಕಂಬಕ್ಕೆ ಬಂತು, ಬೆಳಕಿಂಡಿಯ ಕೋಲು ಒರಳಿನ ಯಾವ ಮಗ್ಗುಲಿಗೆ ಬಿತ್ತು ಎಂಬುದರ ಮೇಲೆ ಒಲೆ ಹೊತ್ತುತ್ತಿತ್ತು, ಹಪ್ಪಳ ಒಳಗೆ ಬರುತ್ತಿತ್ತು. ಧನುರ್ಮಾಸದ ಬಿಸಿಲಿಗೂ ವೈಶಾಖದ ಬಿಸಿಲಿಗೂ ಕಂಬ ಒಂದೇ ಅಲ್ಲವೆಂದು ಅಜ್ಜಿಗೆ ಗೊತ್ತಿತ್ತು. ಆ ತಿದ್ದುಪಡಿಯನ್ನು ಅವಳು ಯಾವ ಕೋಷ್ಟಕದಲ್ಲಿಯೂ ನೋಡುತ್ತಿರಲಿಲ್ಲ. ಹೊಲದಲ್ಲಿದ್ದವನು ತನ್ನ ನೆರಳನ್ನು ತನ್ನ ಅಡಿಯಿಂದಲೇ ಅಳೆದು ಹೊತ್ತು ತಿಳಿಯುತ್ತಿದ್ದ. ಎತ್ತರದ ಆಳಿಗೆ ನೆರಳೂ ಉದ್ದ, ಪಾದವೂ ಉದ್ದ; ಹೀಗಾಗಿ ಲೆಕ್ಕ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ.

ಶಾಸ್ತ್ರದವರ ಸಾಧನ ಶಂಕು. ಹನ್ನೆರಡು ಅಂಗುಲದ ಒಂದು ಕೋಲು, ಅದರ ಸುತ್ತ ನೆಲದ ಮೇಲೊಂದು ವೃತ್ತ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಹೋಗುವ ಬಿಂದುವನ್ನೂ ಮಧ್ಯಾಹ್ನದ ಮೇಲೆ ಮುಟ್ಟಿ ಹೊರಬರುವ ಬಿಂದುವನ್ನೂ ಗೆರೆಯಿಂದ ಸೇರಿಸಿದರೆ ಅದೇ ಪೂರ್ವಪಶ್ಚಿಮ. ದೇವಾಲಯಕ್ಕೆ ಪಾಯ ಹಾಕುವ ಸ್ಥಪತಿಗೆ ದಿಕ್ಕು ಸಿಕ್ಕುತ್ತಿದ್ದುದು ಹೀಗೆ. ಹಗಲಿರುಳು ಸಮನಾದ ದಿನ ನಡುಹಗಲಿನಲ್ಲಿ ಆ ಕೋಲಿನ ನೆರಳನ್ನು ಅಳೆದರೆ ಊರಿನ ಅಕ್ಷಾಂಶವೇ ಕೈಗೆ ಬರುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು ಎರಡೂಮುಕ್ಕಾಲು ಅಂಗುಲ. ಜಯಪುರದಲ್ಲಿ ಸುಮಾರು ಆರು ಅಂಗುಲ. ಒಂದು ಗೇಣಿನ ಕಡ್ಡಿ ಎರಡು ನಗರಗಳ ನಡುವಣ ಭೂಮಿಯ ಬಾಗನ್ನು ಹೇಳಿಬಿಡುತ್ತದೆ.

ಮೋಡ ಮುಚ್ಚಿದರೆ? ರಾತ್ರಿಯಾದರೆ? ಆಗ ಗಳಿಗೆ ಬಟ್ಟಲು ಬರುತ್ತಿತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗಲು ಒಂದು ಗಳಿಗೆ, ಎಂದರೆ 24 ನಿಮಿಷ. ಅಹೋರಾತ್ರಿಗೆ ಅರವತ್ತು ಗಳಿಗೆ. ಮದುವೆಯ ಮನೆಯಲ್ಲಿ ಪುರೋಹಿತರು ಬಟ್ಟಲಿನ ಮೇಲೆ ಕಣ್ಣಿಟ್ಟು ಮುಹೂರ್ತ ಕಾಯುತ್ತಿದ್ದ ಕಾಲವೊಂದಿತ್ತು. ‘ಘಟ’ದಿಂದ ‘ಘಟಿಕಾ’, ಘಟಿಕೆಯಿಂದ ಗಳಿಗೆ. ಗಡಿಯಾರ ಎಂಬ ಮಾತಿನ ಬೇರೂ ಅದೇ. ಮಣಿಕಟ್ಟಿನ ಮೇಲಿನ ನಾಜೂಕಾದ ವಸ್ತು ಇಂದಿಗೂ ಒಂದು ಮಡಕೆಯ ಹೆಸರನ್ನು ಹೊತ್ತು ತಿರುಗುತ್ತಿದೆ. ಆದರೆ ಬಟ್ಟಲಿಗೆ ಸ್ವಂತ ಬುದ್ಧಿಯಿಲ್ಲ. ಅದನ್ನು ಮೊದಲ ಬಾರಿಗೆ ತೇಲಬಿಡಬೇಕಾದುದು ಸೂರ್ಯ ಹುಟ್ಟಿದಾಗ ಅಥವಾ ಮುಳುಗಿದಾಗ. ಯಜಮಾನ ಸೂರ್ಯನೇ, ಬಟ್ಟಲು ಅವನಿಲ್ಲದಾಗ ಲೆಕ್ಕ ಬರೆಯುವ ಗುಮಾಸ್ತ.

ಈಗ ಮೊದಲ ಪ್ರಶ್ನೆಗೆ ಬರಬಹುದು. ಸೂರ್ಯನೇ ಯಜಮಾನನಾದರೆ ಪ್ರತಿ ಊರಿಗೂ ನಡುಹಗಲು ಬೇರೆ. ಮಂಗಳೂರಿನವರ ನೆತ್ತಿಗೆ ಸೂರ್ಯ ಬರುವುದು ಬೆಂಗಳೂರಿನವರ ನೆತ್ತಿಯನ್ನು ದಾಟಿ 11 ನಿಮಿಷವಾದ ಮೇಲೆ. ಎತ್ತಿನ ಗಾಡಿಯಲ್ಲಿ ಹೋಗುವವನಿಗೆ ಇದರಿಂದ ತೊಂದರೆಯಿರಲಿಲ್ಲ. ರೈಲು ಬಂದಾಗ ತೊಂದರೆ ಬಂತು. ಒಂದೇ ಹಳಿಯ ಮೇಲೆ ಎದುರುಬದರಾಗಿ ಬರುವ ಎರಡು ಗಾಡಿಗಳು ಎರಡು ಊರುಗಳ ಗಡಿಯಾರ ನಂಬಿ ಹೊರಟರೆ ಗತಿಯೇನು? ರೈಲುಗಳು ಮದರಾಸಿನ ಕಾಲವನ್ನು ಹಿಡಿದವು. ತರುವಾಯ 1906ರ ಜನವರಿ 1ರಂದು ಇಡೀ ದೇಶಕ್ಕೆ ಒಂದೇ ಕಾಲ ಬಂತು. ಪೂರ್ವ ರೇಖಾಂಶ ಎಂಬತ್ತೆರಡೂವರೆ ಅಂಶದ ಗೆರೆ, ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾಯುವ ಗೆರೆ, ಎಲ್ಲರ ನಡುಹಗಲನ್ನು ನಿಶ್ಚಯಿಸತೊಡಗಿತು. ಜಯಪುರ ಆ ಗೆರೆಯಿಂದ ಪಶ್ಚಿಮಕ್ಕೆ ಸುಮಾರು 27 ನಿಮಿಷ ದೂರ. ಬೆಂಗಳೂರು ಸುಮಾರು 20 ನಿಮಿಷ. ಇದರ ಮೇಲೆ ಭೂಮಿಯ ಕಕ್ಷೆ ತುಸು ಅಂಡಾಕಾರವಾಗಿ ಅದರ ಅಚ್ಚು ಓರೆಯಾಗಿರುವ ಕಾರಣ, ಸೂರ್ಯನೇ ವರ್ಷದಲ್ಲಿ ಕೆಲವೊಮ್ಮೆ ಮುಂದೆ, ಕೆಲವೊಮ್ಮೆ ಹಿಂದೆ ನಡೆಯುವಂತೆ ಕಾಣುತ್ತಾನೆ. ಫೆಬ್ರವರಿ ನಡುವಿಗೆ ಸಮೀಪ 14 ನಿಮಿಷ ಹಿಂದೆ, ನವೆಂಬರಿನ ಮೊದಲಲ್ಲಿ 16 ನಿಮಿಷ ಮುಂದೆ. ಎರಡನ್ನೂ ಕೂಡಿಸಿ ಕಳೆದರೆ ಪ್ರವಾಸಿಗರು ಕಂಡ ಅಂತರ ಪೂರ್ತಿಯಾಗಿ ತೀರುತ್ತದೆ. ಸಮ್ರಾಟ್ ಯಂತ್ರ ಜಯಪುರದ ಹೊತ್ತನ್ನು ಹೇಳುತ್ತದೆ; ಕೈಗಡಿಯಾರ ದೇಶದ ಒಪ್ಪಂದವನ್ನು ಹೇಳುತ್ತದೆ.

ಒಪ್ಪಂದ ಸುಲಭವಾಗಿ ಆಗಲಿಲ್ಲ. ಮುಂಬಯಿಯ ಕಾಲಕ್ಕಿಂತ ಹೊಸ ಕಾಲ 39 ನಿಮಿಷ ಮುಂದಿತ್ತು. ಗಿರಣಿಯ ಕೆಲಸಗಾರರು ಅಷ್ಟು ಬೇಗ ಕತ್ತಲಲ್ಲಿ ಎದ್ದು ಬರಬೇಕಾಯಿತೆಂದು ತಿರುಗಿ ನಿಂತರು. ನಗರಸಭೆ ತನ್ನ ಗಡಿಯಾರಗಳನ್ನು ಮತ್ತೆ ಹಳೆಯ ಕಾಲಕ್ಕೇ ತಿರುಗಿಸಿತು. ಕಲ್ಕತ್ತೆ ತನ್ನ ಕಾಲವನ್ನು 1948ರವರೆಗೆ ಬಿಡಲಿಲ್ಲ, ಮುಂಬಯಿ 1955ರವರೆಗೆ. ಇದನ್ನು ಬರಿಯ ಹಟವೆಂದು ತಳ್ಳಿಹಾಕಲಾಗದು. ಕೂಲಿಯವನಿಗೆ ಗಡಿಯಾರ ಮುಂದೆ ಹೋಯಿತೆಂದರೆ ನಿದ್ರೆ ಅಷ್ಟು ಹಿಂದೆ ಹೋಯಿತೆಂದೇ ಅರ್ಥ. ಆದರೂ ಒಂದೇ ಕಾಲವಿಲ್ಲದೆ ರೈಲಿಲ್ಲ, ಆಕಾಶವಾಣಿಯಿಲ್ಲ, ದೇಶವ್ಯಾಪಿ ಪರೀಕ್ಷೆಯಿಲ್ಲ. ಸಿಕ್ಕಿದ್ದು ದೊಡ್ಡದು. ಕಳೆದುಕೊಂಡದ್ದು ಏನೆಂದು ತಿಳಿದಿದ್ದರೆ ಸಾಕು.

ಅದು ತಿಳಿಯದಿರುವುದಕ್ಕೆ ನಿದರ್ಶನ ಮನೆಮನೆಯಲ್ಲಿಯೂ ಉಂಟು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲವೆಂದು ಗೋಡೆಯ ಪಂಚಾಂಗ ನೋಡಿ ಪ್ರಯಾಣ ನಿಲ್ಲಿಸುವವರಿದ್ದಾರೆ. ಆ ಲೆಕ್ಕ ಹುಟ್ಟಿದ್ದು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಪಾಲು ಮಾಡಿ. ಏಳೂವರೆ ಎಂಬುದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನಿಗೆ ಮಾತ್ರ ಸಲ್ಲುತ್ತದೆ. ಬೆಂಗಳೂರಿನಲ್ಲಿ ಜನವರಿಯ ಕೊನೆಗೆ ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಸುಮಾರಿಗೆ. ಅಭಿಜಿನ್ಮುಹೂರ್ತ ನಡುಹಗಲಿನದು ಎಂದು ಹನ್ನೆರಡನ್ನು ನಡುವೆ ಇಟ್ಟು ಎಣಿಸುವವರೂ ಬೆಂಗಳೂರಿನ ನಿಜವಾದ ನಡುಹಗಲನ್ನು ಬಹುಮಟ್ಟಿಗೆ 20 ನಿಮಿಷ ತಪ್ಪಿಸುತ್ತಾರೆ. ನಂಬುವುದೂ ಬಿಡುವುದೂ ಅವರವರ ಇಷ್ಟ. ಆದರೆ ನಂಬುವವರಾದರೂ ಸೂರ್ಯನನ್ನು ಕೇಳದೆ ಗೋಡೆಯನ್ನು ಕೇಳುವುದು ವಿಚಿತ್ರ.

ಇದಕ್ಕಿಂತ ದೊಡ್ಡ ತಪ್ಪೂ ಉಂಟು. ಸಂಕ್ರಾಂತಿಯ ದಿನ ಎಳ್ಳು ಬೀರಿ ಉತ್ತರಾಯಣ ಬಂತೆನ್ನುತ್ತೇವೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗಿರುವುದು ಡಿಸೆಂಬರ್ 21-22ರಲ್ಲಿಯೇ. ಹಳೆಯ ಸಿದ್ಧಾಂತದ ವರ್ಷ ಋತುಗಳ ವರ್ಷಕ್ಕಿಂತ ಚೂರು ಉದ್ದ. ಸುಮಾರು 60 ವರ್ಷಕ್ಕೆ ಒಂದು ದಿನದಂತೆ ಸಂಕ್ರಾಂತಿ ಋತುವಿನಿಂದ ಜಾರುತ್ತಿದೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ ಇದನ್ನು ತಿದ್ದಲು ಸಲಹೆ ಕೊಟ್ಟಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಸರಕಾರಿ ಕಾಗದಪತ್ರಗಳಲ್ಲಿ ಅದು ಉಳಿಯಿತು, ಅಡಿಗೆಮನೆಗೆ ಬರಲಿಲ್ಲ. ಪುಸ್ತಕಕ್ಕೂ ಆಕಾಶಕ್ಕೂ ಜಗಳ ಬಂದಾಗ ಜಯಸಿಂಹ ಯಾರ ಪಕ್ಷ ಹಿಡಿದನೆಂಬುದನ್ನು ಅವನ ಕಲ್ಲುಗಳನ್ನು ಹೊಗಳುವವರು ನೆನೆಯಬೇಕು.

ಕಲ್ಲುಗಳೂ ತಾವಾಗಿ ಉಳಿದವಲ್ಲ. ಹತ್ತೊಂಬತ್ತನೆಯ ಶತಮಾನ ಕಳೆಯುವ ವೇಳೆಗೆ ಜಯಪುರದ ಯಂತ್ರಗಳ ಗುರುತುಗಳು ಸವೆದು ಗಾರೆ ಉದುರುತ್ತಿತ್ತು. 1901ರಲ್ಲಿ ಎರಡನೆಯ ಮಾಧೋಸಿಂಹ ಮಹಾರಾಜರ ಕಾಲದಲ್ಲಿ ಜೀರ್ಣೋದ್ಧಾರ ಮೊದಲಾಯಿತು. ಹೊಣೆ ಹೊತ್ತವನು ಗ್ಯಾರೆಟ್ ಎಂಬ ಇಂಗ್ಲಿಷ್ ಸೇನಾಧಿಕಾರಿ. ಅವನಿಗೆ ಸಂಸ್ಕೃತ ಗ್ರಂಥಗಳನ್ನು ಬಿಡಿಸಿ ಹೇಳಿ ಯಂತ್ರಗಳ ಮರ್ಮ ತಿಳಿಯಲು ನೆರವಾದವನು ಹದಿನೆಂಟು ವರ್ಷದ ಒಬ್ಬ ತರುಣ, ಚಂದ್ರಧರ ಶರ್ಮಾ ಗುಲೇರಿ. 1902ರಲ್ಲಿ ಇಬ್ಬರೂ ಸೇರಿ ವೇಧಶಾಲೆಯ ಮೇಲೆ ಗ್ರಂಥವೊಂದನ್ನು ಪ್ರಕಟಿಸಿದರು. ಕಥೆಗಳನ್ನು ಪ್ರೀತಿಸುವ ಓದುಗರಿಗೆ ಆ ತರುಣನ ಹೆಸರು ಬೇರೊಂದು ಕಾರಣದಿಂದ ಪರಿಚಿತವಾಗಿರಬಹುದು. 1915ರಲ್ಲಿ ಪ್ರಕಟವಾದ ‘ಉಸ್‌ನೇ ಕಹಾ ಥಾ’ ಎಂಬ ಹಿಂದೀ ಕಥೆ ಅವನದೇ. ಬಾಲ್ಯದಲ್ಲಿ ಕಂಡ ಒಬ್ಬಳ ಮಾತನ್ನು ನಡೆಸಲು ಕಂದಕದಲ್ಲಿ ಪ್ರಾಣ ಕೊಡುವ ಸಿಪಾಯಿಯ ಕಥೆ ಅದು. ಅದನ್ನು ಬರೆದ ಕೈ ಅದಕ್ಕೆ ಮುಂಚೆ ಸೂರ್ಯನ ನೆರಳಿನ ಗುರುತುಗಳನ್ನು ಸರಿಪಡಿಸಿತ್ತು. 1922ರಲ್ಲಿ, ನಲವತ್ತು ತುಂಬುವ ಮೊದಲೇ ಅವನು ತೀರಿಕೊಂಡ. ನೆರಳು ಇಂದು ಸರಿಯಾಗಿ ಬೀಳುತ್ತಿರುವುದರಲ್ಲಿ ಅವನ ಪಾಲೂ ಇದೆ.

ಜಯಪುರಕ್ಕೆ ಹೋಗಿಬರುವುದು ಎಲ್ಲರಿಗೂ ಆಗುವ ಮಾತಲ್ಲ. ಆದರೆ ತಾರಸಿ ಉಂಟು, ಒಂದು ನೆಟ್ಟನೆಯ ಕಡ್ಡಿ ಉಂಟು, ಸೀಮೆಸುಣ್ಣದ ಒಂದು ತುಂಡು ಉಂಟು. ರಜದ ದಿನ ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕುವ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಸಂತೋಷದಿಂದ ಮಾಡುತ್ತಾರೆ. ಎಲ್ಲಕ್ಕಿಂತ ಗಿಡ್ಡ ನೆರಳೇ ನಡುಹಗಲು. ಅದು ಬಿದ್ದ ಗೆರೆಯೇ ಉತ್ತರದಕ್ಷಿಣ. ಬೆಂಗಳೂರಿನಲ್ಲಾದರೆ ಆಗ ಗಡಿಯಾರ ನವೆಂಬರ್ ಮೊದಲಲ್ಲಿ 12 ಗಂಟೆ 3 ನಿಮಿಷದ ಸುಮಾರು, ಫೆಬ್ರವರಿ ನಡುವಿನಲ್ಲಿ 12 ಗಂಟೆ 34 ನಿಮಿಷದ ಸುಮಾರು ತೋರಿಸುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಕಡ್ಡಿಗೆ ನೆರಳೇ ಇರುವುದಿಲ್ಲ; ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಕರ್ಕಾಟಕ ವೃತ್ತದಿಂದ ಉತ್ತರಕ್ಕಿರುವ ಜಯಪುರಕ್ಕೆ ಈ ಭಾಗ್ಯವಿಲ್ಲ. ಅಷ್ಟು ದೊಡ್ಡ ಯಂತ್ರವಿದ್ದೂ ಅಲ್ಲಿ ಕಾಣದ ಒಂದು ಗಳಿಗೆ, ಇಲ್ಲಿನ ತಾರಸಿಯ ಮೇಲೆ ಒಂದು ಕಡ್ಡಿಗೆ ವರ್ಷಕ್ಕೆ ಎರಡು ಸಲ ದೊರೆಯುತ್ತದೆ.